ಎಡಕ್ಕೆ ವಾಲಿದ ಗೊನೆ

ತಿಪಟೂರಿನ ಕಾಲೇಜೊಂದರಲ್ಲಿ ಬಿ.ಎಸ್ಸಿ. ವಿದ್ಯಾರ್ಥಿಗಳಿಗೆ ಭೌತಶಾಸ್ತ್ರ ಕಲಿಸಲು ಸೇರಿದ ಮೊದಲ ವರ್ಷ ಅದು. ಬೋರ್ಡಿನ ಮುಂದೆ ನಿಂತರೆ ನನಗೆ ಅಳುಕು ಅನ್ನುವುದೇ ಇರಲಿಲ್ಲ.

ಒಂದು ದಿನ ರೊಟೇಶನ್ ಪಾಠ ನಡೆದಿತ್ತು. ಎಡಗಾಲಿನ ಚಪ್ಪಲಿಯನ್ನು ಎಷ್ಟೇ ತಿರುಗಿಸಿದರೂ ಅದು ಬಲಗಾಲಿಗೆ ಆಗುವುದಿಲ್ಲ, ಬರೀ ತಿರುಗಿಸುವುದು ಪ್ರಾಪರ್ ರೊಟೇಶನ್, ಲೆಕ್ಕದಲ್ಲಿ ಅದನ್ನು ಗುರುತಿಸುವ ಸಂಖ್ಯೆ, ಅಂದರೆ ಡಿಟರ್ಮಿನೆಂಟ್, ಪ್ಲಸ್ ಒಂದು ಎಂದೆ. ತಿರುಗಿಸುವುದರ ಜೊತೆಗೆ ಕನ್ನಡಿಯ ಪ್ರತಿಬಿಂಬವೂ ಸೇರಿದರೆ ಇಂಪ್ರಾಪರ್, ಮೈನಸ್ ಒಂದು. ಎಡ ಬಲವಾಗುವುದು ಆಗ ಮಾತ್ರ.

ಹಾಲ್ಕುರಿಕೆ ಕಡೆಯಿಂದ ಬರುತ್ತಿದ್ದ ಹುಡುಗಿಯೊಬ್ಬಳು ಎದ್ದು ನಿಂತಳು.

"ಮೇಡಂ, ನಮ್ ತೋಟದಲ್ಲಿ ಒಂದು ತೆಂಗಿನ ಮರದ ಗೊನೆಗಳೆಲ್ಲ ತಾವು ಕೂತಿರೋ ಗರಿಯ ಎಡಕ್ಕೆ ವಾಲ್ಕೊಂಡಿದಾವೆ. ಪಕ್ಕದ ಮರದಲ್ಲಿ ಎಲ್ಲಾ ಬಲಕ್ಕೆ."

"ಒಂದನ್ನ ಈಚೆಯಿಂದ ನೋಡಿರ್ತೀಯ, ಇನ್ನೊಂದನ್ನ ಆಚೆಯಿಂದ," ಎಂದುಬಿಟ್ಟೆ.

ಅವಳು ಕೂರಲಿಲ್ಲ. "ಆಚೆಗೆ ಹೋಗಿ ನೋಡೋದೂ ಮರ ತಿರುಗಿಸ್ದಂಗೇ ಅಲ್ವಾ ಮೇಡಂ? ತಿರುಗಿಸಿದ್ರೆ ಬದಲಾಗಲ್ಲ ಅಂತ ಈಗ ತಾನೇ ಹೇಳಿದ್ರಿ."

ಇಡೀ ಕ್ಲಾಸು ನಕ್ಕಿತು. ನನ್ನ ಪಾಠವನ್ನು ನನಗಿಂತ ಅವಳೇ ಚೆನ್ನಾಗಿ ಕೇಳಿಸಿಕೊಂಡಿದ್ದಳು.

"ಭಾನುವಾರ ನಿಮ್ಮ ತೋಟಕ್ಕೆ ಬರ್ತೀನಿ," ಎಂದೆ.

ಬಸ್ಸಿಳಿದಾಗ ಅವಳೂ ಅವಳ ತಂದೆಯೂ ಕಾಯುತ್ತಿದ್ದರು. ಮೂವತ್ತು ವರ್ಷದಿಂದ ತಾವೇ ಮರ ಹತ್ತಿ ಕಾಯಿ ಕೀಳುತ್ತಿದ್ದವರು ಆತ. ಮೊದಲ ಮರದ ಸುತ್ತ ನಾನು ಕತ್ತೆತ್ತಿಕೊಂಡು ನಡೆದೆ. ಎತ್ತ ನಿಂತು ನೋಡಿದರೂ ಪ್ರತಿ ಗೊನೆಯೂ ತನ್ನ ಗರಿಯ ಎಡಕ್ಕೇ ವಾಲಿತ್ತು. ಎರಡನೆಯದರಲ್ಲಿ ಎಲ್ಲವೂ ಬಲಕ್ಕೆ.

"ಎಡದ ಮರದ ಕಾಯಿ ಹಾಕಿದ್ರೆ ಎಡದ್ದೇ ಹುಟ್ತದಾ?" ಎಂದು ಕೇಳಿದೆ.

"ಎಲ್ಲಿ ಬತ್ತದೆ ಮೇಡಮ್ಮೋರೇ! ಈ ಎರಡೂ ಒಂದೇ ಮರದ ಕಾಯಿಂದ ಆದವು. ಅದು ಅದರ ಇಷ್ಟ ಕಣ್ರಮ್ಮ. ಹತ್ತೋನಿಗೆ ಗೊತ್ತಾಯ್ತದೆ, ಕುಡುಗೋಲು ಯಾವ ಕಡೆಯಿಂದ ಹಾಕ್ಬೇಕು ಅಂತ."

ಅಷ್ಟರಲ್ಲಿ ಹುಡುಗಿ ನೀರಿನ ತೊಟ್ಟಿಯ ಬಳಿ ಬಗ್ಗಿದ್ದಳು. ಎಡದ ಮರದ ಬಿಂಬ ತಲೆಕೆಳಗಾಗಿ ನೀರಿನಲ್ಲಿತ್ತು. ಮೊಬೈಲಿನಲ್ಲಿ ಅದರ ಫೋಟೊ ತೆಗೆದು, ಮೊಬೈಲನ್ನೇ ತಲೆಕೆಳಗು ಮಾಡಿ ನನಗೆ ತೋರಿಸಿದಳು. ಈಗ ಮರ ನೆಟ್ಟಗೆ ನಿಂತಿತ್ತು, ಗೊನೆಗಳು ಬಲಕ್ಕೆ ವಾಲಿದ್ದವು.

"ನೀರು ಕನ್ನಡಿ, ಆಮೇಲೆ ನಾನು ತಿರುಗಿಸ್ದೆ. ಇದೇ ಇಂಪ್ರಾಪರ್ ಅಲ್ವಾ ಮೇಡಂ?"

"ಅದೇ ಕಣೇ!" ಎಂದು ನಾನು ಕೂಗಿದ ರಭಸಕ್ಕೆ ಆಕೆಯ ತಂದೆ ಗಾಬರಿಯಾದರು. ಪುಸ್ತಕದಲ್ಲಿ ಅದೆಷ್ಟೋ ಸಲ ಓದಿ, ಬರೆದು, ಪಾಸಾಗಿದ್ದೆ. ಕಣ್ಣಾರೆ ಕಂಡದ್ದು ಆವತ್ತೇ.

ಸೋಮವಾರ ಕ್ಲಾಸಿನಲ್ಲಿ, ಮೊನ್ನೆ ನಾನು ಹೇಳಿದ್ದು ತಪ್ಪು ಎಂದು ಮೊದಲೇ ಒಪ್ಪಿಕೊಂಡೆ. ಹೇಳಿದ ಮೇಲೆ ಮೈ ಹಗುರವಾಯಿತು. ನಂತರ ಸೀಮೆಸುಣ್ಣವನ್ನು ಅವಳ ಕೈಗೆ ಕೊಟ್ಟು ಕೊನೆಯ ಬೆಂಚಿಗೆ ಹೋಗಿ ಕೂತೆ. ಅವಳು ಎರಡು ಮರ ಬರೆದು, ನಡುವೆ ನೀರಿನ ಗೆರೆ ಎಳೆದು, ಪಕ್ಕದಲ್ಲಿ ಮೈನಸ್ ಒಂದು ಎಂದು ಬರೆದಳು. ಯಾರೋ ಸಂದೇಹ ಕೇಳಿದರು. ಅವಳು ನನ್ನತ್ತ ತಿರುಗಿಯೂ ನೋಡದೆ ಉತ್ತರ ಕೊಟ್ಟಳು.