ಮೊದಲನೇ ಕುರ್ಚಿ ಯಾವುದು?

ಇಂದು ಬೆಳಿಗ್ಗೆ ನನ್ನ ಕುರ್ಚಿಯ ಬೆನ್ನಿಗೆ ಹೊದಿಸಿದ ಬಿಳಿ ಟವೆಲಿನಿಂದ ಸೋಪಿನ ಪುಡಿಯ ವಾಸನೆ ಬಂತು. ಹೊರರಾಜ್ಯದ ಊರಾದ ನೆರೂಳಿನ ಈ ಕಾಲೇಜಿನಲ್ಲಿ ವಿಭಾಗದ ಮುಖ್ಯಸ್ಥರಾದವರಿಗೆ ಸಂಬಳದ ಜೊತೆಗೆ ಒಂದು ಟವೆಲೂ ಸಿಗುತ್ತದೆ. ಅದಕ್ಕೆ ಒರಗಿದಾಗಲೆಲ್ಲ, ನೀವು ನಂಬಬೇಕು, ನನ್ನ ಬೆನ್ನು ಸ್ವಲ್ಪ ನಡುಗುತ್ತದೆ. ಕಾರಣ ಹೇಳುತ್ತೇನೆ, ಕಂಡದ್ದನ್ನು ಕಂಡಷ್ಟೇ.

ಮೈಸೂರಿನಿಂದ ಬಂದು ಇಲ್ಲಿ ಸೇರಿ ಆಗ ಎರಡು ವರ್ಷ. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಪತ್ರ ಟೈಪಾಗಿ ಪ್ರಿನ್ಸಿಪಾಲರ ಮೇಜಿನ ಮೇಲಿತ್ತು, ಸಹಿಯೊಂದು ಬಾಕಿ. ಆ ವಾರವೇ ‘ಉನ್ನತ ಶಿಕ್ಷಣದಲ್ಲಿ ಸಮಾನತೆ’ ಎಂಬ ವಿಚಾರ ಸಂಕಿರಣ. ಹೊರದೇಶದಿಂದ ಒಬ್ಬ ಪ್ರೊಫೆಸರಮ್ಮ ಬರುವವರಿದ್ದರು. ವ್ಯವಸ್ಥೆ ನನ್ನದು. ಪುಸ್ತಕ ಓದಿದ ತಲೆ ನೋಡಿ, ಸುಮ್ಮನಿರಲಿಲ್ಲ. ವೇದಿಕೆಯೇ ಬೇಡ ಎಂದೆ. ನಲವತ್ತು ಕುರ್ಚಿಗಳನ್ನು ದುಂಡಗೆ ಹಾಕಿಸಿದೆ. ಟವೆಲುಗಳನ್ನೆಲ್ಲ ತೆಗೆದು ಬೀರುವಿನಲ್ಲಿಟ್ಟು ಬೀಗ ಹಾಕಿದೆ.

ಹತ್ತು ಗಂಟೆಗೆ ಎಲ್ಲರೂ ಬಂದರು. ಯಾರೂ ಕೂರಲಿಲ್ಲ.

ಪ್ರಿನ್ಸಿಪಾಲರು ಧಾರವಾಡದ ಕಡೆಯವರು. ಕುರ್ಚಿಗಳ ಸುತ್ತ ಒಂದು ಪ್ರದಕ್ಷಿಣೆ ಮುಗಿಸಿ ನನ್ನ ಕಿವಿಯ ಹತ್ತಿರ ಬಂದರು. “ಮೊದಲನೇ ಕುರ್ಚಿ ಯಾವ್ದ್ರೀ?”

“ಹಾಗೇನಿಲ್ಲ ಸಾರ್, ಎಲ್ಲಾ ಒಂದೇ.”

“ಎಲ್ಲಾ ಒಂದ ಅಂದ್ರ ನಾ ಎಲ್ಲಿ ಕೂಡ್ಲಿ?”

ಅವರು ಕೂರದೆ ಮುಖ್ಯಸ್ಥರು ಕೂರುವಂತಿಲ್ಲ, ಮುಖ್ಯಸ್ಥರು ಕೂರದೆ ಉಪನ್ಯಾಸಕರು ಕೂರುವಂತಿಲ್ಲ. ವಿದ್ಯಾರ್ಥಿಗಳ ಮಾತು ಬಿಡಿ. ಇದು ಇಲ್ಲಿಯ ಪ್ರಾರ್ಥನೆಯಿರಬೇಕೆಂದು ತಿಳಿದ ಪ್ರೊಫೆಸರಮ್ಮ ಕೈಮುಗಿದು ಕಣ್ಣು ಮುಚ್ಚಿ ನಿಂತರು. ಗಡಿಯಾರ ನೋಡಿದೆ: ಹನ್ನೊಂದು ನಿಮಿಷ.

ಆಗ ಇಡ್ಲಿಯ ಪಾತ್ರೆ ಹೊತ್ತು ಕ್ಯಾಂಟೀನಿನ ಶೆಟ್ಟರು ಬಂದರು. ಉಡುಪಿಯವರು. ಪಾತ್ರೆ ಇಳಿಸಿ, ಹತ್ತಿರದ ಕುರ್ಚಿಯಲ್ಲಿ ಕೂತೇಬಿಟ್ಟರು. “ಎಂತ ಮಾರಾಯ್ರೆ, ಕುರ್ಚಿ ಇರುದು ನೋಡ್ಲಿಕ್ಕಾ? ನನ್ನ ಮೊಣಗಂಟು ನೋಯ್ತದೆ.”

ಸಭೆಗೆ ಜೀವ ಬಂತು. ಒಬ್ಬರು ಕೂತಿದ್ದಾರೆಂದರೆ ಅದೇ ಮೊದಲನೇ ಕುರ್ಚಿ! ಶೆಟ್ಟರ ಬಲಕ್ಕೆ ಪ್ರಿನ್ಸಿಪಾಲರು ಧಾವಿಸಿದರು. ಎಡಗಡೆಯ ಒಂದೇ ಕುರ್ಚಿಯಲ್ಲಿ ಇಬ್ಬರು ಮುಖ್ಯಸ್ಥರು ಅರ್ಧರ್ಧ ಕೂತರು. ಶೆಟ್ಟರೇ ಅಧ್ಯಕ್ಷರೆಂದು ಭಾವಿಸಿದ ಪ್ರೊಫೆಸರಮ್ಮ, ಸಮಾನತೆಯ ಬಗ್ಗೆ ಅವರ ಅಭಿಪ್ರಾಯ ಕೇಳಿದರು. ಅನುವಾದಕ ನಾನೇ.

“ನಮ್ಮಲ್ಲಿ ಎಲ್ಲರಿಗೂ ಒಂದೇ ಚಟ್ನಿ,” ಎಂದರು ಶೆಟ್ಟರು. “ಪ್ರಿನ್ಸಿಪಾಲರದ್ದು ಮಾತ್ರ ಬೇರೆ. ಅದಕ್ಕೆ ನೀರು ಹಾಕುದಿಲ್ಲ.”

ಮೊದಲ ವಾಕ್ಯವನ್ನು ಇಂಗ್ಲಿಷಿಗೆ ತಂದು ನಿಲ್ಲಿಸಿದೆ. ಕನ್ನಡ ಬಲ್ಲ ಹುಡುಗರು ಆಗಲೇ ನಗುತ್ತಿದ್ದರು. ಉಳಿದದ್ದೇನು ಎಂದು ಪ್ರೊಫೆಸರಮ್ಮ ಪೆನ್ನು ಹಿಡಿದು ಕಾದರು. ಪ್ರಿನ್ಸಿಪಾಲರು ನನ್ನನ್ನೇ ನೋಡುತ್ತಿದ್ದರು. ಸಹಿಯಾಗದ ಪತ್ರ ಕಣ್ಣ ಮುಂದೆ ಬಂತು. ಆದರೂ ಹೇಳಿಬಿಟ್ಟೆ, ನೀರಿನ ಸಮೇತ.

ಖಾಯಂ ಆಗುವುದು ಆರು ತಿಂಗಳು ಮುಂದೆ ಹೋಯಿತು. ಕಾರಣ: ‘ಆಸನ ವ್ಯವಸ್ಥೆ ತೃಪ್ತಿಕರವಾಗಿಲ್ಲ.’

ಇಷ್ಟೆಲ್ಲ ನೆನೆದು ತಲೆ ಎತ್ತಿದರೆ, ಎದುರಿಗೆ ಹೊಸ ಉಪನ್ಯಾಸಕಿ ನಿಂತಿದ್ದಾರೆ. ಇಲ್ಲಿಗೆ ಹತ್ತಿರದ ಮುಂಬ್ರಾದಲ್ಲೇ ಹುಟ್ಟಿ ಬೆಳೆದವರು. ಅವರನ್ನು ಖಾಯಂ ಮಾಡಬೇಕೆಂಬ ಶಿಫಾರಸು ಪತ್ರ ನನ್ನ ಸಹಿಗಾಗಿ ಮೇಜಿನ ಮೇಲಿದೆ. ಅವರು ಬಂದು ನಾಲ್ಕು ನಿಮಿಷವಾದರೂ ಆಗಿರಬೇಕು. ಹೇಳಲು ನಾಚಿಕೆ, ಅವರು ನಿಂತಿರುವುದು ನನಗೆ ಸಹಜವೆನಿಸಿತ್ತು.

“ಕೂತ್ಕೊಳ್ಳಿ,” ಎಂದು ಹಿಂದಿಯಲ್ಲೇ ಹೇಳಿದೆ.

“ನಹೀ ಸರ್, ಆಪ್ ಬೈಠೇ ರಹಿಯೇ,” ಎಂದರು, ನೀವು ಕೂತೇ ಇರಿ ಎನ್ನುವಂತೆ.

ನಾನು ಎದ್ದು ನಿಂತೆ. ಅವರು ಗಾಬರಿಯಾಗಿ ಎರಡು ಹೆಜ್ಜೆ ಹಿಂದೆ ಸರಿದರು. ನಾನು ಕೂರಲಿಲ್ಲ, ಅವರೂ ಕೂರಲಿಲ್ಲ. ಕೊನೆಗೆ ನಿಂತುಕೊಂಡೇ ಸಹಿ ಹಾಕಿದೆ. ಅಕ್ಷರ ಸೊಟ್ಟಗಾಯಿತು.