ಸಾರಿಸದ ಗೋಡೆ

ನಿಡಗುಂದಿಗೆ ಬಂದ ಮರುದಿನವೇ ನನ್ನ ಹೆಸರು ಹೋಯಿತು. ಬಾವಿಕಟ್ಟೆಯ ಮೇಲೆ ಒಬ್ಬಾಕಿ ಕೇಳಿದಳು, "ಓಡಿ ಬಂದಾಕಿ ನೀನ ಏನು?" ನಮ್ಮ ಇಂಡಿ ಕಡೆ ಆ ಮಾತು ಗಂಡನನ್ನು ಬಿಟ್ಟು ಇನ್ನೊಬ್ಬನ ಹಿಂದೆ ಹೋದವಳಿಗೆ. ಇಲ್ಲಿ ಜಗಳದಿಂದ ಊರು ಬಿಟ್ಟವರಿಗೆಲ್ಲ ಅದೇ ಹೆಸರಂತೆ. ಎಪ್ಪತ್ತೆರಡರ ಬರ ಮುಗಿದ ಮೇಲೆ ನಮ್ಮೂರಿನ ಎರಡು ಪಾರ್ಟಿಯವರು ಹೊಡೆದಾಡಿ ನಮ್ಮ ಓಣಿಗೆ ಬೆಂಕಿ ಇಟ್ಟರು. ಇಟ್ಟವರು ಊರಲ್ಲೇ ಮೀಸೆ ತಿರುವುತ್ತ ಕುಂತರು, ನಾಚಿಕೆ ಮಾತ್ರ ಓಡಿದ ನಮ್ಮ ಪಾಲಿಗೆ ಬಂತು.

ರಸ್ತೆಗೆ ಮಣ್ಣು ತೆಗೆದ ಹೊಂಡಗಳ ಪಕ್ಕ ನಮ್ಮ ಮಣ್ಣಿನ ಗುಡಿಸಲುಗಳು. ನಮ್ಮೂರಲ್ಲಿ ಒಂದು ಕೊಡ ನೀರಿಗೆ ಹರದಾರಿ ನಡೆಯುತ್ತಿದ್ದೆವು. ಇಲ್ಲಿ ನೀರು ಬಾಗಿಲಿಗೇ ಬಂದು ನಿಂತು ಸೊಳ್ಳೆ ಹಡೆಯುತ್ತಿತ್ತು. ಮೊದಲ ಮಳೆಗೇ ನನ್ನ ಮಗಳು ಶಾಂತಾಗೆ ಮಲೇರಿಯಾ. ಇದ್ದ ಕೌದಿಯನ್ನೆಲ್ಲ ಹೊದಿಸಿದರೂ ಗಡಗಡ ನಡುಗುತ್ತಿದ್ದಳು. ಮಾತ್ರೆ ನುಂಗಿ ಎದ್ದಳು.

ಗೋಡೆಗಳಿಗೆ ಸೊಳ್ಳೆ ಔಷಧ ಹೊಡೆಯುವವರು ಊರಿಗೆ ಬಂದರು, ನಮ್ಮ ಕಡೆ ಹಾಯಲಿಲ್ಲ. "ನಿಮ್ಮ ಗುಡಿಸಲು ಪಟ್ಟಿಯೊಳಗ ಇಲ್ಲ" ಎಂದ ಅವರ ಮೇಸ್ತ್ರಿ. ನೆರೆಮನೆಯ ಮುದುಕಿ ನೀಲವ್ವ ಪಂಪಿನ ಮುಂದೆ ಕುಂತೇ ಬಿಟ್ಟಳು. "ಸೊಳ್ಳಿ ಪಟ್ಟಿ ನೋಡಿ ಕಡೀತಾವೇನ್ರಿ?" ಅವರು ಬಾಯಿ ಮುಚ್ಚಿಕೊಂಡು ನಮ್ಮ ಗೋಡೆಗೂ ಹೊಡೆದು ಹೋದರು.

ಗೆದ್ದೆವೆಂದು ಹಿಗ್ಗಿದೆ. ಆದರೆ ಗೋಡೆ ತುಂಬ ಬಿಳಿ ಕಲೆ, ಕೆಟ್ಟ ನಾತ. ನಾಗರ ಪಂಚಮಿ ಎದುರಿಗಿತ್ತು. ಸಗಣಿ ಕಲಸಿ ಚೊಕ್ಕ ಸಾರಿಸಿದೆ. ಎಲ್ಲ ಹೆಂಗಸರೂ ಸಾರಿಸಿದರು. ಹಬ್ಬದ ಉಂಡಿ ಮುಗಿಯುವುದರೊಳಗೆ ಶಾಂತಾ ಮತ್ತೆ ಮಲಗಿದಳು, ಈ ಸಲ ನನ್ನ ಗುರುತೇ ಹಿಡಿಯಲಿಲ್ಲ.

ಮಾತ್ರೆ ತಂದ ಕಂಪೌಂಡರ್ ಗೋಡೆ ನೋಡಿ ಹಣೆ ಬಡಿದುಕೊಂಡ. "ಔಷಧದ ಮ್ಯಾಲ ಸಗಣಿ ಬಳದೀರಲ್ಲವ್ವಾ, ಗ್ವಾಡಿ ಮ್ಯಾಲ ಕುಂತ ಸೊಳ್ಳಿ ಹ್ಯಾಂಗ ಸಾಯಬೇಕು?" ಹೊಡೆದು ಹೋದವರ ಬಾಯಿಗೆ ಏನಾಗಿತ್ತು? ಒಂದು ಮಾತು ಹೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತು? ಆ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ. ನನ್ನ ಕೈ ಮೇಲೂ ಅಷ್ಟೇ ಸಿಟ್ಟು.

ಶಾಂತಾ ಉಳಿದಳು. ನೀಲವ್ವನ ಅಂಗಳದಲ್ಲಿ ಕೂಡಿ ಆಣೆ ಮಾಡಿದೆವು: ಮುಂದಿನ ಸಲ ಔಷಧ ಹೊಡೆದ ಮೇಲೆ ಗೋಡೆಗೆ ಯಾರೂ ಕೈ ಹಚ್ಚಬಾರದು. ಸೋಮವಾರ ಎತ್ತಿಗೆ ಸೂಟಿ, ನಮಗೆ ಬುಟ್ಟಿ ಹೊತ್ತು ಹೊಂಡ ಮುಚ್ಚುವ ಕೆಲಸ. "ಓಡಿ ಬಂದವರು ಹೊಲಸು ಮಂದಿ, ಗ್ವಾಡೀನೂ ಸಾರಸಂಗಿಲ್ಲ" ಎಂದು ಊರವರು ಆಡಿಕೊಂಡರು. ಆಡಿಕೊಳ್ಳಲಿ. ಮುಂದಿನ ಮಳೆಗಾಲ ಶಾಂತಾ ನಡುಗಲಿಲ್ಲ.

ಈ ಪಂಚಮಿಗೆ ಕರೆಯಲು ಅಣ್ಣ ನನ್ನ ತವರು ತಾಂಬಾದಿಂದ ಬಂದ. ಗೋಡೆ ನೋಡಿ ಮುಖ ಸಿಂಡರಿಸಿದ. "ನಮ್ಮವ್ವನ ಮಗಳಾಗಿ ಸಾರಸೂದು ಮರತಿ?" ಅವನ ಜೊತೆ ಹೋಗುವಾಗ ನಾವು ಬಿಟ್ಟು ಬಂದ ಊರಲ್ಲಿ ಇಳಿದು, ಮಾಳಿಗೆ ಸುಟ್ಟು ಬಿದ್ದ ನಮ್ಮ ಮನೆಯ ಗೋಡೆಗೆ ಮೊಣಕೈ ತನಕ ಸಗಣಿ ಮಾಡಿಕೊಂಡು ಸಾರಿಸಿದೆ. ಅಲ್ಲಿ ಯಾರೂ ಮಲಗುವುದಿಲ್ಲ. ಮಗಳು ಮಲಗುವ ಮನೆಯ ಗೋಡೆಯನ್ನು ನಾನು ಮುಟ್ಟುವಂತಿಲ್ಲ.