ಗುನ್ವೋರಳ ಗೋಡೆಯ ಏಳು ಚಾಕು

ನಮ್ಮೂರು ಬ್ಯೋರ್ಕ್‌ಫೋರ್ಸಿನಲ್ಲಿ ಯಾರ ಅಡುಗೆಮನೆಯ ಡ್ರಾಯರ್ ಎಳೆದರೂ ಒಂದು ಸೊಟ್ಟ ಮರದ ಬೆಣ್ಣೆಚಾಕು ಸಿಗುತ್ತದೆ. ಅದಕ್ಕೆ ಕಾರಣ ಗುನ್ವೋರ್. ಮೂವತ್ತೆಂಟು ವರ್ಷ ಊರಿನ ಶಾಲೆಯಲ್ಲಿ ಮರಗೆತ್ತನೆ ಕಲಿಸಿದವಳು ಅವಳೇ. ನಾಲ್ಕನೇ ಕ್ಲಾಸಿನ ಪ್ರತಿ ಮಗುವೂ ಬರ್ಚ್ ಮರದ ತುಂಡಿನಿಂದ ಬೆಣ್ಣೆ ಸವರುವ ಚಾಕು ಕೆತ್ತಿ ಅಮ್ಮನಿಗೆ ಕೊಡಬೇಕು, ಅಮ್ಮ ಆಹಾ ಅನ್ನಬೇಕು. ಆಮೇಲೆ ಅದನ್ನು ಬಳಸಲೂ ಆಗುವುದಿಲ್ಲ, ಬಿಸಾಡಲೂ ಮನಸ್ಸು ಬರುವುದಿಲ್ಲ. ನಮ್ಮ ಮನೆಯಲ್ಲಿ ಮೂರಿವೆ. ಒಂದು ಥೇಟ್ ಮೀನಿನ ಹಾಗಿದೆ. ಅದು ಮೀನಲ್ಲ ಎಂದು ನನ್ನ ಮಗಳು ಇವತ್ತಿಗೂ ವಾದಿಸುತ್ತಾಳೆ.

ನಾನು ಸಿಕ್ಸ್ಟೆನ್, ಗುನ್ವೋರಳ ಪಕ್ಕದ ಮನೆಯವನು. ಮೂವತ್ತೊಂದು ವರ್ಷ ಈ ಊರಿನ ಬಸ್ಸು ಓಡಿಸಿದ್ದೇನೆ. ತಲೆಯ ಮೇಲಿನ ಕನ್ನಡಿಯಲ್ಲಿ ಒಮ್ಮೆ ಕಣ್ಣಾಡಿಸಿದರೆ ಸಾಕು, ಯಾರು ಟಿಕೆಟ್ ತೆಗೆದಿಲ್ಲ, ಯಾರು ಸೀಟು ಕೊಯ್ಯುತ್ತಾರೆ ಎಂದು ಮುಖ ನೋಡಿಯೇ ಹೇಳಬಲ್ಲೆ ಎಂಬ ಜಂಬ ನನಗಿತ್ತು. ಆ ಜಂಬ ಏನಾಯಿತು ಎಂಬುದೂ ಈ ಕಥೆಯಲ್ಲಿದೆ.

ಗುನ್ವೋರ್ ದೋಣಿ ಕಟ್ಟುವವನ ಮಗಳು. ಎಡಗೈ ಹೆಬ್ಬೆರಳಿನ ತುದಿ ಒಂಬತ್ತನೇ ವಯಸ್ಸಿಗೇ ಅಪ್ಪನ ದೋಣಿ ಕೊಟ್ಟಿಗೆಯಲ್ಲಿ ಹೋಯಿತು. ಹೊಸ ಮಕ್ಕಳು ಬಂದ ದಿನ ಆ ಮೋಟು ಬೆರಳನ್ನೇ ಎತ್ತಿ ತೋರಿಸಿ, "ಇದೇ ಪಾಠದ ಪುಸ್ತಕ, ಸರಿಯಾಗಿ ಓದ್ಕೊಳ್ಳಿ" ಅನ್ನುತ್ತಿದ್ದಳು. ಗಂಡ ಎವರ್ಟ್ ತೀರಿಕೊಂಡ ಮೇಲೆ, ನಿವೃತ್ತಿಯ ಮೊದಲ ಚಳಿಗಾಲದಲ್ಲಿ ಒಂದೇ ಸಮನೆ ಸೌಟು ಕೆತ್ತಿದಳು. ನನಗೆ ಆರು ಬಂದವು, ಅಂಚೆಯವಳಿಗೆ ನಾಲ್ಕು, ಮನೆ ಬಾಗಿಲಿಗೆ ಧರ್ಮಪ್ರಚಾರಕ್ಕೆ ಬಂದ ಇಬ್ಬರಿಗೆ ಎರಡೆರಡು. ಅವರು ಮತ್ತೆ ನಮ್ಮ ಬೀದಿಯ ಕಡೆ ತಲೆ ಹಾಕಲಿಲ್ಲ.

ಹೀಗಿರುವಾಗ ಪುರಸಭೆಯವರು ಬಂದು, ದಾರಿ ತಪ್ಪುತ್ತಿರುವ ಹುಡುಗ ಹುಡುಗಿಯರಿಗೆ ವಾರಕ್ಕೊಂದು ಮಧ್ಯಾಹ್ನ, ಇಪ್ಪತ್ತು ವಾರ, ಕೆತ್ತನೆ ಕಲಿಸುತ್ತೀಯಾ ಎಂದು ಕೇಳಿದರು. ಗುನ್ವೋರ್ ಅವರ ಮಾತು ಮುಗಿಯುವ ಮೊದಲೇ ಒಪ್ಪಿಬಿಟ್ಟಳು. ನನಗೆ ತಲೆ ಕೆಟ್ಟುಹೋಯಿತು.

"ಚಾಕು ಇಟ್ಕೊಂಡು ಪೊಲೀಸ್ರ ಕೈಗೆ ಸಿಕ್ಕಿಬಿದ್ದ ಹುಡುಗನ ಕೈಗೆ ಮತ್ತೆ ಚಾಕು ಕೊಡ್ತೀಯಾ?"

"ಸಿಕ್ಕಿಬಿದ್ದ ಅಂದ್ರೆ ಏನು? ಅವನಿಗೆ ಚಾಕು ಹಿಡಿಯೋಕೇ ಬರಲ್ಲ ಅಂತ ಅರ್ಥ. ಪಾಪ, ಯಾರೂ ಕಲ್ಸಿಲ್ಲ."

"ನಿನ್ನನ್ನೇ ತಿವಿದ್ರೆ?"

"ಚಾಕು ಹಿಡಿದ ಹತ್ತು ವರ್ಷದ ಮೂವತ್ತು ಮಕ್ಕಳ ಮಧ್ಯೆ ಬದುಕಿ ಬಂದೋಳು ನಾನು, ಸಿಕ್ಸ್ಟೆನ್. ನೀನು ಬಂದು ಒಲೆ ಹಚ್ಚಿ ಕಾಫಿ ಮಾಡು. ಬಾಯಿಗಿಂತ ಕೈಗೆ ಕೆಲಸ ಕೊಟ್ರೆ ನಿನಗೂ ಒಳ್ಳೇದು."

ಹೀಗೆ ಮರ ಕೊಯ್ಯುವ ಹಳೆಯ ಕಾರ್ಖಾನೆಯ ಕೋಣೆಯೊಂದರಲ್ಲಿ ತರಗತಿ ಶುರುವಾಯಿತು, ನಾನು ಕಾಫಿಯವನಾದೆ.

ಬಂದವರು ಮೂವರು. ಅಂಗಡಿಯಲ್ಲಿ ಕದ್ದು ಸಿಕ್ಕಿದ್ದ ಸಾಗಾ. ಅವಳ ನಾಲಿಗೆಯ ಮುಂದೆ ಯಾವ ಉಳಿಯೂ ಚೂಪಲ್ಲ. ಶಾಲೆಯ ಕಡೆ ವರ್ಷದಿಂದ ಸುಳಿಯದ ಇಲ್ಯಾಸ್. ಮೂರನೆಯವನು ಹದಿನಾರರ ಮೆಲ್ಕರ್. ರೈಲು ನಿಲ್ದಾಣದಲ್ಲಿ ಜೇಬಿನಲ್ಲಿ ಚಾಕು ಇಟ್ಟುಕೊಂಡು ಸಿಕ್ಕಿಬಿದ್ದವನು, ಅದೂ ಎರಡು ಸಲ. ಟಿಕೆಟ್ ಇಲ್ಲದೆ ಹತ್ತಿದ್ದಕ್ಕೆ ನಾನೇ ಒಮ್ಮೆ ಅವನನ್ನು ಹಿಮದಲ್ಲಿ ಬಸ್ಸಿನಿಂದ ಇಳಿಸಿದ್ದೆ. ಈ ಇಪ್ಪತ್ತು ವಾರ ಅವನು ಸರಿಯಾಗಿ ಮುಗಿಸಿದರೆ ತಾಯಿಯ ಜೊತೆ ಊರಿನಲ್ಲೇ ಇರಬಹುದು. ಇಲ್ಲದಿದ್ದರೆ ಐನೂರು ಕಿಲೋಮೀಟರು ದಕ್ಷಿಣದಲ್ಲಿ ದಾರಿ ತಪ್ಪಿದ ಹುಡುಗರನ್ನು ಇಡುವ ಒಂದು ನಿಗಾಗೃಹಕ್ಕೆ ಹೋಗಬೇಕು, ಕಾಗದ ಆಗಲೇ ಸಿದ್ಧವಾಗಿತ್ತು.

ಪುರಸಭೆಯ ಷರತ್ತು ಒಂದೇ: ಕೋಣೆಯಿಂದ ಒಂದೇ ಒಂದು ಚಾಕು ಹೊರಗೆ ಹೋದರೂ ಅವತ್ತೇ ತರಗತಿ ಬಂದ್. ಗುನ್ವೋರ್ ಸಹಿ ಹಾಕಿದಳು. ಗೋಡೆಗೆ ಹಲಗೆ ಹೊಡೆದು ಏಳು ಮೊಳೆ ಬಡಿದು, ಕೆಂಪು ಹಿಡಿಯ ಏಳು ಚಾಕುಗಳನ್ನು ಒರೆ ಸಮೇತ ತೂಗುಹಾಕಿ, ಒಂದೊಂದರ ಸುತ್ತಲೂ ಪೆನ್ಸಿಲಿನಿಂದ ಗೆರೆ ಎಳೆದಳು. ಏಳೂ ಗೋಡೆಗೆ ಬರುವವರೆಗೆ ಯಾರಿಗೂ ಕಾಫಿ ಇಲ್ಲ, ದಾಲ್ಚಿನ್ನಿ ಬನ್ನೂ ಇಲ್ಲ.

ಅವಳ ಎರಡನೆಯ ಕಾನೂನು ಇದಕ್ಕಿಂತ ಕಟ್ಟುನಿಟ್ಟು: ಉಪ್ಪುಕಾಗದ, ಅಂದರೆ ಮರ ಉಜ್ಜುವ ಸ್ಯಾಂಡ್‌ಪೇಪರ್, ಮುಟ್ಟಬಾರದು. ಮರವನ್ನು ಚಾಕುವಿನಿಂದಲೇ ನುಣುಪು ಮಾಡಬೇಕು, ಅಲಗಿನ ಗೆರೆ ಕಾಣಬೇಕು. "ಉಜ್ಜೋದಾದ್ರೆ ಚಾಕು ಯಾಕೆ ಬೇಕಿತ್ತು? ಹೋಗಿ ಪಾತ್ರೆ ಉಜ್ಜು!" ಶಾಲೆಯಲ್ಲಿದ್ದಾಗ ಹೆಡ್‌ಮಾಸ್ಟರು ತರಿಸಿದ ಒಂದು ಪೆಟ್ಟಿಗೆ ಉಪ್ಪುಕಾಗದವನ್ನು ಅವರ ಕಣ್ಣೆದುರೇ ಒಲೆಗೆ ತುಂಬಿದ್ದಳು.

ಮೂರನೆಯದು ಕಾನೂನಲ್ಲ, ನಮ್ಮ ಕಡೆಯವರ ಕೈಗೆ ಅಂಟಿದ ರೋಗ. ಮರದ ಕೆಲಸದ ಮಧ್ಯೆ ಎದ್ದರೆ ಚಾಕು ಒರೆಗೆ ಹೋಗುತ್ತದೆ, ಒರೆ ಸೊಂಟಕ್ಕೆ ಹೋಗುತ್ತದೆ, ತಲೆಗೆ ಸುದ್ದಿಯೇ ಮುಟ್ಟುವುದಿಲ್ಲ. ಆಲೂಗಡ್ಡೆ ಹೆರೆಯುವ ಚಾಕುವನ್ನು ಒರೆ ಇಲ್ಲದೆ ಸೊಂಟಕ್ಕೆ ಸಿಕ್ಕಿಸಲು ಹೋಗಿ ನಾನು ಪ್ಯಾಂಟು ಕೊಯ್ದುಕೊಂಡಿದ್ದೇನೆ. ಪೇಟೆಯ ಬೀದಿಯಲ್ಲಿ ಹಾಗೆ ಓಡಾಡಿದರೆ ಅಪರಾಧ, ನಿಜ. ಆದರೆ ಕೈಗೆ ಕಾನೂನು ಓದಲು ಬರುವುದಿಲ್ಲ. ಗುನ್ವೋರ್ ಮೊದಲ ವಾರವೇ ಮಕ್ಕಳಿಗೆ ಈ ರೋಗ ಅಂಟದಂತೆ ಎಚ್ಚರ ವಹಿಸಿದಳು.

ವಾರಗಳು ಕಳೆದವು. ಯಾರೂ ಯಾರನ್ನೂ ತಿವಿಯಲಿಲ್ಲ, ನನಗೆ ಸ್ವಲ್ಪ ನಿರಾಸೆಯೇ ಆಯಿತು. ಮೆಲ್ಕರ್ ಮಾತ್ರ ಒಂದೇ ಬೆಣ್ಣೆಚಾಕುವಿನ ಮೇಲೆ ಐದು ವಾರದಿಂದ ಕೂತಿದ್ದ. ಪ್ರತಿ ವಾರ ಗುನ್ವೋರ್ ಅದರ ಮೇಲೆ ಮೋಟು ಹೆಬ್ಬೆರಳು ಎಳೆದು, "ಇಲ್ಲಿ ಇನ್ನೂ ಮುಳ್ಳಿದೆ ಕಣೋ" ಎಂದು ವಾಪಸು ಕೊಡುತ್ತಿದ್ದಳು. ಅವನು ಬೈಗುಳ ನುಂಗಿಕೊಂಡು ಮತ್ತೆ ಕೂರುತ್ತಿದ್ದ.

ಹನ್ನೆರಡನೇ ವಾರ, ಫೆಬ್ರವರಿಯಲ್ಲಿ, ಪುರಸಭೆಯ ಯೋರ್ಗನ್ ತಪಾಸಣೆಗೆ ಬಂದ. ಕಂಬಳಿಯಂಥ ಉಣ್ಣೆಯ ಸ್ವೆಟರು, ಕೈಯಲ್ಲಿ ಫೈಲು, ಮುಖದಲ್ಲಿ ಪುರಸಭೆ.

"ನಾನು ಸುಮ್ನೆ ಒಂದು ಮೂಲೇಲಿ ಕೂತು ನೋಡ್ತೀನಿ, ಗುನ್ವೋರ್. ನಿಂಗೇನೂ ತೊಂದ್ರೆ ಕೊಡಲ್ಲ."

"ನೋಡೋಕೆ ಇದೇನು ಸಿನಿಮಾನಾ? ತಗೋ ಮರ. ತಗೋ ಚಾಕು. ನಾಲ್ಕನೇ ಕ್ಲಾಸಲ್ಲಿ ನಿನ್ನ ಬೆಣ್ಣೆಚಾಕು ಮೂರು ಸಲ ಮುರಿದಿತ್ತು, ನೆನಪಿದೆಯಾ?"

ಸಾಗಾ ಕಿಸಕ್ಕನೆ ನಕ್ಕಳು. "ಮೂರು ಸಲಾನಾ? ನಂದು ಒಂದೇ ಸಲ ಮುರಿದಿದ್ದು. ಪರ್ವಾಗಿಲ್ಲ ಬಿಡು, ಪುರಸಭೇಲಿ ಕೆಲಸ ಸಿಗುತ್ತಲ್ಲ."

ಯೋರ್ಗನ್‌ನ ಕಿವಿ ಕೆಂಪಾಯಿತು. ಆದರೆ ಕೂತ. ಹತ್ತು ನಿಮಿಷದಲ್ಲಿ ಫೈಲು ಮರದ ಸಿಪ್ಪೆಯಡಿ ಮುಚ್ಚಿಹೋಯಿತು. ಅರ್ಧ ಗಂಟೆಗೆ ಕೆತ್ತನೆಯ ಗುಂಗಿನಲ್ಲಿ ನಾಲಿಗೆ ತುಟಿಯಾಚೆ ಬಂತು. ಆಮೇಲೆ ಫೋನು ಬಡಿದುಕೊಂಡಿತು. ದಡಕ್ಕನೆ ಎದ್ದು ಕಿಟಕಿಯ ಹತ್ತಿರ ಹೋಗಿ, ಬೆನ್ನು ತಿರುಗಿಸಿಕೊಂಡು ಮಾತಾಡಿದ. ಅದೇ ಹೊತ್ತಿಗೆ ಮೆಲ್ಕರ್ ಒಲೆಗೆ ಸೌದೆ ತರಲು ಹೊರಗೆ ಹೋಗಿದ್ದ. ತುಂಬ ಹೊತ್ತು ಬರಲಿಲ್ಲ. ನಾನು ಗಮನಿಸಿದೆ, ಗಮನಿಸುವುದು ನನ್ನ ಚಟ.

ಮೂರು ಗಂಟೆಗೆ ಗುನ್ವೋರ್ ಚಪ್ಪಾಳೆ ತಟ್ಟಿದಳು. ಚಾಕುಗಳು ಗೋಡೆಗೆ ಹೋದವು. ಒಂದು, ಎರಡು, ಮೂರು. ಆರು. ಏಳನೆಯ ಮೊಳೆಯ ಕೆಳಗೆ ಬರೀ ಪೆನ್ಸಿಲಿನ ಗೆರೆ.

ಬೆಂಚಿನಡಿ ನೋಡಿದೆವು. ಸಿಪ್ಪೆಯ ರಾಶಿ ಕೆದಕಿದೆವು. ಬನ್ನಿನ ತಟ್ಟೆಯನ್ನೂ ಎತ್ತಿ ನೋಡಿದೆವು. ಇಲ್ಲ. ನಾನು ಮೆಲ್ಕರ್‌ನ ಮುಖ ನೋಡಿದೆ. ಸುಣ್ಣ ಬಳಿದ ಹಾಗಿತ್ತು. ಬಲಗೈ ಜಾಕೆಟ್ಟಿನ ಜೇಬಿನಲ್ಲಿ ಬಿಗಿಯಾಗಿ ಮುಷ್ಟಿಯಾಗಿತ್ತು. ಮೂವತ್ತೊಂದು ವರ್ಷದ ನನ್ನ ಕನ್ನಡಿ ಹೇಳಿತು: ಇವನೇ.

ಯೋರ್ಗನ್ ಫೈಲಿನ ಮೇಲಿನ ಸಿಪ್ಪೆ ಕೊಡವಿ ಮತ್ತೆ ಪುರಸಭೆಯಾದ. "ಯಾರೂ ಹೊರಗೆ ಹೋಗ್ಬೇಡಿ. ಎಲ್ರೂ ಜೇಬು ಖಾಲಿ ಮಾಡಿ. ಮಕ್ಕಳು ಮೊದ್ಲು."

"ಮಕ್ಕಳು ಮೊದ್ಲು ಯಾಕೆ?" ಗುನ್ವೋರ್ ಎದುರು ನಿಂತಳು. "ಇಲ್ಲಿ ವಯಸ್ಸಿನ ಪ್ರಕಾರ. ನಾನು ಮೊದ್ಲು."

ಅವಳ ಏಪ್ರನ್ನಿನಿಂದ ಹೊಗೆಸೊಪ್ಪಿನ ಡಬ್ಬಿ, ಕೆಮ್ಮಿನ ಮಾತ್ರೆ, ಎವರ್ಟನ ಹಳೆಯ ಕೈಗಡಿಯಾರ, ಅರ್ಧ ಕಚ್ಚಿದ ಬಿಸ್ಕತ್ತು ಬಂದವು. ನನ್ನ ಜೇಬಿನಿಂದ ಎರಡು ದಾಲ್ಚಿನ್ನಿ ಬನ್ನು ಬಂದವು. ಅವು ಹೇಗೆ ಬಂದವೆಂದು ಯಾರೂ ಕೇಳಲಿಲ್ಲ, ಎಲ್ಲರೂ ನೋಡಿದರು. ಇಲ್ಯಾಸ್‌ನ ಜೇಬಿನಲ್ಲಿ ಶಾಲೆಯ ಲೆಕ್ಕದ ಹಾಳೆ ಇತ್ತು, ಅದು ಹೊರಬಿದ್ದದ್ದಕ್ಕೆ ಅವನಿಗೇ ನಾಚಿಕೆಯಾಯಿತು. ಸಾಗಾ ತನ್ನದನ್ನೆಲ್ಲ ಬೆಂಚಿನ ಮೇಲೆ ಸುರಿದು, "ಲಿಪ್‌ಸ್ಟಿಕ್ಕಿಗೆ ರಸೀದಿ ಇದೆ, ಬೇಕಿದ್ರೆ ನೋಡ್ಕೋ" ಎಂದಳು.

ಮೆಲ್ಕರ್ ಅಲುಗಲಿಲ್ಲ.

"ತೆಗಿಯೋ" ಎಂದ ಯೋರ್ಗನ್.

"ತೆಗಿಯಲ್ಲ."

"ತೆಗೀದೆ ಇದ್ರೆ ಏನಾಗುತ್ತೆ ಅಂತ ಗೊತ್ತಲ್ಲ? ನಾಳೆ ಬೆಳಿಗ್ಗೆ ದಕ್ಷಿಣದ ರೈಲು."

"ಗೊತ್ತು. ಕಳಿಸಿ. ತೆಗಿಯಲ್ಲ."

ಅವನ ದನಿ ಒಡೆದಿತ್ತು, ಆದರೆ ಮುಷ್ಟಿ ಬಿಚ್ಚಲಿಲ್ಲ. ಗುನ್ವೋರ್ ಅವನನ್ನೇ ನೋಡುತ್ತ ನಿಂತಳು. ಎವರ್ಟನ ಮಣ್ಣಿನ ದಿನವೂ ಅವಳ ಮುಖ ಅಷ್ಟು ಸಣ್ಣದಾಗಿರಲಿಲ್ಲ. ನನಗೆ, ಹೇಳಿಯೇಬಿಡುತ್ತೇನೆ, ನಾನು ಮೊದಲೇ ಹೇಳಿರಲಿಲ್ಲವೇ ಎಂಬ ಕೊಳಕು ಖುಷಿ ಆಯಿತು.

"ಹಾಗಾದ್ರೆ ಪೊಲೀಸ್ರಿಗೆ ಹೇಳ್ಬೇಕಾಗುತ್ತೆ" ಎಂದು ಯೋರ್ಗನ್ ಫೋನು ತೆಗೆಯಲು ಸ್ವೆಟರು ಎತ್ತಿ ಪ್ಯಾಂಟಿನ ಜೇಬಿಗೆ ಕೈ ಹಾಕಿದ.

ಅವನ ಸೊಂಟದಲ್ಲಿ, ಬೆಲ್ಟಿಗೆ ಒಪ್ಪವಾಗಿ ಸಿಕ್ಕಿಸಿಕೊಂಡು, ಕೆಂಪು ಹಿಡಿಯ ಏಳನೆಯ ಚಾಕು ಕೂತಿತ್ತು.

ಯೋರ್ಗನ್ ತನ್ನ ಸೊಂಟವನ್ನು ಬೇರೆ ಯಾರದೋ ಎಂಬಂತೆ ನೋಡಿಕೊಂಡ. "ಫೋನ್ ಬಂತು... ಎದ್ದೆ... ನಮ್ಮ ಬೇಸಿಗೆ ಮನೇಲಿ ಕೆಲಸದ ಮಧ್ಯೆ ಎದ್ರೆ ಯಾವಾಗ್ಲೂ ಹೀಗೇ..."

"ಮೊದಲ್ನೇ ಸಲಾನಾ?" ಸಾಗಾ ಕರುಣೆಯಿಂದ ಕೇಳಿದಳು. "ಹೆದರ್ಕೋಬೇಡ. ಮೊದಲ್ನೇ ಸಲಕ್ಕೆ ಬುದ್ಧಿ ಹೇಳಿ ಬಿಡ್ತಾರೆ. ಇಪ್ಪತ್ತು ವಾರ ಇಲ್ಲಿಗೆ ಬಂದ್ರೆ ಸಾಕು."

ಇಲ್ಯಾಸ್ ಬೆಂಚಿನ ಮೇಲೆ ಬಿದ್ದು ನಗುತ್ತಿದ್ದ. ಗುನ್ವೋರ್ ಮಾತ್ರ ನಗಲಿಲ್ಲ. ಯೋರ್ಗನ್‌ನ ಸೊಂಟದಿಂದ ಚಾಕು ಕಿತ್ತು ಏಳನೆಯ ಮೊಳೆಗೆ ತೂಗುಹಾಕಿ, ಮೆಲ್ಕರ್‌ನ ಎದುರು ಬಂದು ನಿಂತಳು.

"ಈಗ ನಿಂಗೆ ತೋರಿಸೋ ಅಗತ್ಯ ಇಲ್ಲ. ಆದ್ರೂ ಕೇಳ್ತೀನಿ. ಅದರಲ್ಲಿ ಏನಿದೆ, ಮಗಾ?"

ಮಗಾ ಎಂದು ಅವಳು ಯಾರನ್ನೂ ಕರೆದದ್ದು ನಾನು ಕೇಳಿರಲಿಲ್ಲ. ಮೆಲ್ಕರ್‌ನ ಮುಷ್ಟಿ ನಿಧಾನವಾಗಿ ಹೊರಗೆ ಬಂತು, ಬಿಚ್ಚಿತು. ಒಳಗೆ ಅವನ ಬೆಣ್ಣೆಚಾಕು ಇತ್ತು, ಕನ್ನಡಿಯಂತೆ ನುಣ್ಣಗೆ. ಅದಕ್ಕೆ ಸುತ್ತಿಕೊಂಡು, ಸವೆದು ಹಾಳಾದ ಒಂದು ಚೂರು ಉಪ್ಪುಕಾಗದ.

ಸೌದೆ ತರಲು ಅಷ್ಟು ಹೊತ್ತು ಯಾಕಾಯಿತು ಎಂಬುದು ಆಗ ತಿಳಿಯಿತು. ಸೌದೆ ಕೊಟ್ಟಿಗೆಯಲ್ಲಿ ಕೂತು ಉಜ್ಜುತ್ತಿದ್ದ.

ಗುನ್ವೋರ್ ಎರಡು ಹೆಜ್ಜೆ ಹಿಂದೆ ಸರಿದಳು. ಆಮೇಲೆ ಬಂದದ್ದು ಇಡೀ ಕಾರ್ಖಾನೆಗೆ ಕೇಳಿಸುವ ಗಂಟಲು. "ಉಪ್ಪುಕಾಗದ! ನನ್ನ ಕೋಣೇಲಿ! ಅಯ್ಯೋ ದ್ರೋಹಿ, ಚಾಕು ಕದ್ದಿದ್ರೂ ಕ್ಷಮಿಸ್ತಿದ್ದೆನಲ್ಲೋ!"

"ಅದಕ್ಕೇ ತೋರಿಸ್ಲಿಲ್ಲ" ಎಂದ ಮೆಲ್ಕರ್, ನೆಲ ನೋಡುತ್ತ.

ಯೋರ್ಗನ್‌ಗೆ ಅರ್ಥವಾಗಲಿಲ್ಲ. "ಇಷ್ಟಕ್ಕೇನಾ? ಇಷ್ಟಕ್ಕೆ ಆ ನಿಗಾಗೃಹಕ್ಕೆ ಹೋಗೋಕೆ ತಯಾರಿದ್ಯಾ?"

"ಪೊಲೀಸ್ರು ಬೈತಾರೆ, ನೀವು ಬೈತೀರಿ, ಅಭ್ಯಾಸ ಆಗಿದೆ. ಇವಳು ಮಾತ್ರ ನಾನು ಚಾಕುವಲ್ಲೇ ಮಾಡಿ ಮುಗಿಸ್ತೀನಿ ಅಂತ ನಂಬಿ ಐದು ವಾರದಿಂದ ಕಾಯ್ತಿದ್ಲು."

ಗುನ್ವೋರ್ ಉಪ್ಪುಕಾಗದವನ್ನು ಒಲೆಗೆಸೆದಳು, ಬೆಣ್ಣೆಚಾಕುವನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು. "ಇದು ಜಪ್ತಿ. ಮುಂದಿನ ವಾರ ಹೊಸ ಮರ. ಮೊದಲ್ನಿಂದ." ಆಮೇಲೆ ನನ್ನ ಕಡೆ ತಿರುಗಿ, "ಕಾಫಿ ಯಾಕೆ ಇನ್ನೂ ಬಂದಿಲ್ಲ? ಏಳೂ ಗೋಡೆ ಮೇಲಿಲ್ವಾ?" ಎಂದು ರೇಗಿದಳು. ದನಿ ಒದ್ದೆಯಾಗಿತ್ತು.

ನಾನು ಮೊದಲ ಲೋಟವನ್ನು ಮೆಲ್ಕರ್‌ಗೆ ಕೊಟ್ಟೆ. "ನೀನೇ ಅಂದ್ಕೊಂಡಿದ್ದೆ ಕಣೋ" ಎಂದೆ. "ಗೊತ್ತು" ಎಂದ. "ಬಸ್ಸಲ್ಲೂ ನೀನು ನನ್ನನ್ನ ಹಾಗೇ ನೋಡ್ತಿದ್ದೆ." ನನಗೆ ನಾಚಿಕೆಯಾಯಿತು. ನನ್ನ ಜೇಬಿನ ಎರಡು ಬನ್ನುಗಳನ್ನೂ ಅವನ ತಟ್ಟೆಗಿಟ್ಟೆ.

ಯೋರ್ಗನ್‌ನ ವರದಿ ಎರಡೇ ಸಾಲಿನದು: ಏಳು ಚಾಕುಗಳು ಸ್ಥಳದಲ್ಲಿವೆ, ತರಗತಿ ಮುಂದುವರಿಯಲಿ. ಮೆಲ್ಕರ್ ಹದಿನೆಂಟನೇ ವಾರ ಹೊಸ ಬೆಣ್ಣೆಚಾಕು ಮುಗಿಸಿದ, ಅಲಗಿನ ಗೆರೆ ಎಣಿಸುವಷ್ಟು ಸ್ಪಷ್ಟವಾಗಿ. ತಾಯಿಗೆ ಕೊಟ್ಟ, ಅವಳು ಆಹಾ ಎಂದಳು. ಇಪ್ಪತ್ತು ವಾರ ತುಂಬಿದ ಮೇಲೆ ದಕ್ಷಿಣದ ಕಾಗದ ಎಲ್ಲೋ ಹರಿದುಹೋಯಿತು.

ಜಪ್ತಿಯಾದ ಬೆಣ್ಣೆಚಾಕು ಎಲ್ಲಿದೆ ಎಂದು ಅವನು ಆಗಾಗ ಕೇಳುತ್ತಾನೆ. "ಸುಟ್ಟುಹಾಕಿದೆ" ಅನ್ನುತ್ತಾಳೆ ಗುನ್ವೋರ್. ಆದರೆ ನಾನು ದಿನಾ ಬೆಳಿಗ್ಗೆ ಅವಳ ಮನೆಗೆ ಕಾಫಿಗೆ ಹೋಗುವವನು. ಬೆಣ್ಣೆಯ ಡಬ್ಬಿಯಲ್ಲಿ ನಿಂತಿರುವುದು ಅದೇ, ಅವಳ ಮನೆಯಲ್ಲಿ ಉಪ್ಪುಕಾಗದ ತಾಗಿದ ಏಕೈಕ ವಸ್ತು. ಬ್ರೆಡ್ಡಿಗೆ ಬೆಣ್ಣೆ ಸವರಿದ ಮೇಲೆ ಅದರ ಮೇಲೊಮ್ಮೆ ಮೋಟು ಹೆಬ್ಬೆರಳು ಎಳೆಯುತ್ತಾಳೆ. ಅವನಿಗೆ ಹೇಳಿದರೆ ನಾಳೆಯಿಂದ ನಿನಗೆ ಕಾಫಿ ಇಲ್ಲ ಎಂದು ಬೆದರಿಸಿದ್ದಾಳೆ. ನಾನು ಹೇಳಿಲ್ಲ, ಬರೆದಿದ್ದೇನೆ ಅಷ್ಟೆ.